ಕಾಕಾ ಬರೆದ ಹುಡುಕಾಟ

ಕಾಕಾ ಬಲಗೈಯ ಎರಡೇ ಬೆರಳಿನಿಂದ ಟೈಪ್ ಮಾಡುತ್ತಿದ್ದರು. ಎಡ ಅಂಗೈ ಸದಾ ಕಂಪ್ಯೂಟರಿನ ಡಬ್ಬಿಯ ಮೇಲೆ, ಮಗುವಿನ ಜ್ವರ ನೋಡುವವರ ಹಾಗೆ. ಬಿಸಿ ಏರಿದರೆ ಪ್ರೋಗ್ರಾಮಿನಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ.

ತಾರ್ನಾಕ ಬಡಾವಣೆಯಲ್ಲಿ ನಾವು ಅವರ ಕೆಳಗಿನ ಮನೆಯಲ್ಲಿದ್ದೆವು. ಸರ್ಕಾರಿ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದಿದ್ದ ಅವರು ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಬಳಸುವವರಿಗಾಗಿ ಪುಕ್ಕಟೆಯಾಗಿ ಒಂದು ಮುಕ್ತ ತಂತ್ರಾಂಶ ಬರೆಯುತ್ತಿದ್ದರು. ಒಂದು ಪದ ಕೊಟ್ಟರೆ ಕಂಪ್ಯೂಟರಿನೊಳಗಿನ ಯಾವ ಕಡತದಲ್ಲಿ ಅದು ಇದೆಯೆಂದು ಹುಡುಕಿ ಕೊಡುವಂಥದ್ದು. ಊರೆಲ್ಲ ಐಟಿ ಸಂಬಳದ ಮಾತಾಡುತ್ತಿದ್ದ ಕಾಲ. ಕಂಪನಿಯ ಕಾರಿನಿಂದ ಇಳಿದವನು ನಾನು ಸೀದಾ ಅವರ ಕೋಣೆಗೆ ಹೋಗಿ, ಬಳಸುವವರಿಂದ ಬಂದ ದೂರುಗಳನ್ನು ತಾರೀಖಿನ ಪ್ರಕಾರ ಜೋಡಿಸಿಡುತ್ತಿದ್ದೆ.

"ಮನ್ಯಾಗ ಕೀಲಿಕೈ ಕಳದ್ರ ಹುಡುಕಂಗಿಲ್ಲ, ಮಂದಿ ಫೈಲ್ ಹುಡುಕಿ ಕೊಡ್ತಾರ ನೋಡಪಾ ನಿಮ್ಮ ಕಾಕಾ!" ಎನ್ನುತ್ತ ಅವರ ಹೆಂಡತಿ ಕಾಕು ಚಹಾ ಇಟ್ಟು ಹೋಗುತ್ತಿದ್ದರು.

"ಕೀಲಿಕೈ ಮ್ಯಾಲೆ ಅಕ್ಷರ ಇರಂಗಿಲ್ಲಲ್ಲ," ಎಂದು ಕಾಕಾ ತಿರುಗದೆಯೇ ಉತ್ತರಿಸುತ್ತಿದ್ದರು.

ಯಾರಾದರೂ ಬೈದು ಬರೆದರೆ ಅವರಿಗೆ ಖುಷಿ. "ಬೈದಾರಂದ್ರ ಬಳಸ್ಯಾರ, ತಮ್ಮಾ."

ಲಿನಕ್ಸನ್ನು ಸಿದ್ಧಪಡಿಸಿ ಹಂಚುವ ಒಂದು ದೊಡ್ಡ ತಂಡ ತನ್ನ ಹೊಸ ಆವೃತ್ತಿಯಲ್ಲಿ ಇದನ್ನು ಸೇರಿಸಿಕೊಂಡಿತು. ಕಂಪ್ಯೂಟರ್ ಚಾಲೂ ಮಾಡಿದೊಡನೆ ಇದೂ ತಾನಾಗಿಯೇ ಶುರುವಾಗುತ್ತಿತ್ತು. ಅಷ್ಟು ವರ್ಷಗಳ ದುಡಿಮೆ ಕೊನೆಗೂ ಜನರನ್ನು ತಲುಪಿತು ಅಂದುಕೊಂಡೆವು. ಆ ವಾರವೇ ದೂರುಗಳು ಸುರಿದವು: ಕಂಪ್ಯೂಟರ್ ತೆವಳುತ್ತಿದೆ. ಕಾಕಾ ಕಾರಣ ಹಿಡಿದರು. ಪ್ರೋಗ್ರಾಮು ತಾನು ಓದಿದ್ದನ್ನೆಲ್ಲ ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಆ ಕಡತ ಬದಲಾಯಿತೆಂದು ಅದನ್ನೇ ಮತ್ತೆ ಓದುತ್ತಿತ್ತು. ಓದಿದ್ದನ್ನು ಮತ್ತೆ ಬರೆಯುತ್ತಿತ್ತು. ಕೊನೆಯೇ ಇಲ್ಲ.

ಅದನ್ನು ಸರಿಪಡಿಸಿದರು. ಆದರೂ ಹಳೆಯ ಯಂತ್ರಗಳ ಏದುಸಿರು ನಿಲ್ಲಲಿಲ್ಲ. ಆಗ ಕಾಕಾ, ತಾನಾಗಿ ಶುರುವಾಗುವುದನ್ನೇ ತೆಗೆದುಹಾಕಿದರು. ಬೇಕಾದವರು ಮಾತ್ರ ಚಾಲೂ ಮಾಡಿಕೊಳ್ಳಬೇಕು.

"ಹಿಂಗಾದ್ರ ಯಾರೂ ಬಳಸೂದಿಲ್ರಿ ಕಾಕಾ," ಎಂದೆ.

"ಗೊತ್ತೈತಿ. ಅವ್ರ ಮಷೀನು ಅವ್ರ ಕೆಲ್ಸಕ್ಕೈತಿ, ನಮ್ಮ ಹೆಸರಿಗಲ್ಲ." ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಭಾಳ ದಣಿವಾಗೈತಿ. ಇದನ್ನ ಇನ್ಮ್ಯಾಲೆ ನೀ ನೋಡ್ಕೋತೀಯೇನು?"

ಹೂಂ ಅಂದೆ.

ಬಳಸುವವರು ಕರಗುತ್ತ ಹೋದರು. ಮುಂದಿನ ಆವೃತ್ತಿಯಲ್ಲಿ ಆ ತಂಡ ನಮ್ಮನ್ನು ಕೈಬಿಟ್ಟಿತು. ಆ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು.

ದಿನವೆಲ್ಲ ಕಂಪನಿಯ ಕಂಪ್ಯೂಟರ್ ನೋಡಿ ಬಂದವನಿಗೆ ಮತ್ತೊಂದರ ಮುಂದೆ ಕೂರಲು ಮನಸ್ಸಾಗುವುದಿಲ್ಲ. ಆದರೂ ಕೂರುತ್ತೇನೆ. ಈ ವಾರ ಯಾರೋ ಬರೆದಿದ್ದರು: ಮೊದಲಿನಂತೆ ತಾನಾಗಿ ಶುರುವಾಗುವ ಹಾಗೆ ಮಾಡಿ, ಜನ ಮತ್ತೆ ಬರುತ್ತಾರೆ. ಬರುತ್ತಾರೆಂದು ನನಗೂ ಗೊತ್ತು. ಬಹಳ ಹೊತ್ತು ಆಸೆಯಿಂದ ಆ ಸಾಲನ್ನೇ ನೋಡುತ್ತಿದ್ದೆ. ಬೇಡ ಎಂದು ಉತ್ತರ ಬರೆದು ಊಟಕ್ಕೆ ಎದ್ದೆ.