ಚನಿಯನ ಮೆಟ್ಟು

ರೈಲ್ವೆಯ ಪೆನ್ಶನ್ ಉಣ್ಣುವ ಮನುಷ್ಯನಿಗೆ ರೈಲಿನ ಬಗ್ಗೆ ಎಂಥ ಗೊಂದಲ ಎಂದು ಕೇಳುವವರನ್ನು ಒಮ್ಮೆ ಪೊಯ್ಯೆಬೈಲಿನ ವಾಸಪ್ಪನ ಜಗಲಿಗೆ ಕಳಿಸಬೇಕು. ವಯಸ್ಸು ಎಪ್ಪತ್ತೆರಡು. ಅದರಲ್ಲಿ ಮೂವತ್ತೆರಡು ವರ್ಷ ಮಂಜೇಶ್ವರದ ಈಚೆಗಿನ ಆರು ಕಿಲೋಮೀಟರ್ ಹಳಿಯ ಮೇಲೆಯೇ ನಡೆದವನು. ಕೀಮ್ಯಾನ್ ಎಂದರೆ ಅದೇ ಕೆಲಸ. ಹೆಗಲಲ್ಲಿ ಸುತ್ತಿಗೆ, ಚೀಲದಲ್ಲಿ ಕೆಂಪು ಬಾವುಟ, ಹೋಗುವಾಗ ಒಂದು ಹಳಿ ನೋಡುವುದು, ಬರುವಾಗ ಇನ್ನೊಂದು. ಹಳಿಯನ್ನು ಬಿಗಿಹಿಡಿಯುವ ಕೀಲಿ ಸಡಿಲಾದದ್ದು ಕಂಡರೆ ಹೊಡೆದು ಕೂರಿಸುವುದು. ಸುತ್ತಿಗೆಯ ಸದ್ದು ಕೇಳಿಯೇ ಕೀಲಿಯ ಜಾತಕ ಹೇಳುತ್ತಿದ್ದ. ಅಂಥವನು ಈಗ ಒಂದು ವರ್ಷದಿಂದ, ರೈಲು ಯಾಕೆ ಕೂಗುತ್ತದೆ ಎಂಬ ಒಂದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದ. ಹೆಂಡತಿ ತುಂಗಾ ಮೊದಲು ನಕ್ಕಳು, ಆಮೇಲೆ ಕಷಾಯ ಮಾಡಿಕೊಟ್ಟಳು, ಕೊನೆಗೆ ಅವನಷ್ಟಕ್ಕೆ ಬಿಟ್ಟಳು.

ಇದೆಲ್ಲದರ ಬೇರು ಇರುವುದು ವಾಸಪ್ಪನ ಅಜ್ಜ ಚನಿಯನಲ್ಲಿ. ತೆಂಕಣದಿಂದ ಮಂಗಳೂರಿನ ಕಡೆಗೆ ರೈಲು ದಾರಿ ಬೆಳೆಯುತ್ತಾ ಬಂದಾಗ ಚನಿಯನಿಗೆ ಇಪ್ಪತ್ತರ ಪ್ರಾಯ. ಗುಡ್ಡ ಕಡಿಯುವುದು, ಕೆಂಪು ಮುರಕಲ್ಲಿನ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಗ್ಗಿಗೆ ಸುರಿಯುವುದು, ಗಂಡಸರು ಹೆಂಗಸರು ಎಲ್ಲರಿಗೂ ಅದೇ ದುಡಿಮೆ. ಹಾಗೆ ಕಡಿಯುತ್ತಾ ಪೊಯ್ಯೆಬೈಲಿಗೆ ಬಂದರೆ, ದಾರಿಗೆ ಸರಿಯಾಗಿ ನಡುವಿನಲ್ಲಿ ಗುಳಿಗನ ಕಲ್ಲು! ಆಳುಗಳು ಬುಟ್ಟಿ ಕೆಳಗಿಟ್ಟರು. ದೈವದ ಕಲ್ಲು ಮುಟ್ಟಲು ಯಾರಿಗೆ ಎದೆಯುಂಟು? ಮೂರು ದಿನ ಕೆಲಸ ನಿಂತಿತು. ಕೆಲಸ ನೋಡಿಕೊಳ್ಳುತ್ತಿದ್ದ ಬಿಳಿ ದೊರೆ ಕೆಂಪಾದ. ನಾಲ್ಕನೆಯ ದಿನ ಚನಿಯ ಒಬ್ಬನೇ ದೊರೆಯ ಡೇರೆಗೆ ಹೋದ. ಅವನಿಗೆ ಬರುವುದು ತುಳು, ದೊರೆಗೆ ಇಂಗ್ಲಿಷು, ನಡುವೆ ಒಬ್ಬ ತಮಿಳು ಮೇಸ್ತ್ರಿ. ಏನು ಮಾತಾಯಿತೋ ಆ ಗುಳಿಗನೇ ಬಲ್ಲ. ಹೊರಗೆ ಬಂದು ಚನಿಯ ಊರಿಗೆ ಹೇಳಿದ್ದು ಇಷ್ಟು: ಕಲ್ಲನ್ನು ನಲವತ್ತು ಹೆಜ್ಜೆ ಮೂಡಕ್ಕೆ ಸರಿಸುವುದು, ಅದಕ್ಕೆ ಬದಲಾಗಿ ಈ ಜಾಗ ದಾಟುವ ಪ್ರತಿಯೊಂದು ಗಾಡಿಯೂ ಗುಳಿಗನಿಗೆ ಒಂದು ಕೂಗು ಹಾಕಿಯೇ ಹೋಗುವುದು, ದೊರೆ ಮಾತು ಕೊಟ್ಟಿದ್ದಾನೆ. ಹೇಳಿದವನು ಕಲ್ಲನ್ನು ತಾನೇ ತಲೆಯ ಮೇಲೆ ಹೊತ್ತ.

ಗಾಡಿ ಬಂತು, ಹೊಗೆ ಬಿಟ್ಟಿತು, ಸರಿಯಾಗಿ ಅಲ್ಲಿಯೇ ಕೂಗಿತು. ಊರು ಕೈಮುಗಿಯಿತು. ಅಂದಿನಿಂದ ಪ್ರತಿ ವರ್ಷ, ಮಳೆಗಾಲಕ್ಕೆ ಮೊದಲು ದೈವಗಳ ಸೇವೆ ಮುಗಿಯುವ ಪತ್ತನಾಜೆಗೆ ಮುಂಚಿನ ಮಂಗಳವಾರ, ಚನಿಯನ ಮನೆಯವರು ಗುಳಿಗನಿಗೆ ತಂಬಿಲ ಎಂಬ ಎಡೆ ಕೊಡುತ್ತಾರೆ. ಎಳನೀರು, ಭತ್ತ ಹುರಿದ ಹೊದಲು, ಕೋಳಿ ಎಲ್ಲ ಸಿದ್ಧವಿದ್ದರೂ ಸಂಜೆಯ ಗಾಡಿ ಕೂಗದೆ ಕಲ್ಲಿನ ಮುಂದೆ ಎಲೆ ಹಾಕುವ ಕ್ರಮವಿಲ್ಲ. ಚನಿಯ ಮುಂದೆ ಹಳಿ ಕಾಯುವ ಗ್ಯಾಂಗಿಗೆ ಸೇರಿ ಅಲ್ಲಿಯೇ ಮುದುಕನಾದ. ಗಾಡಿ ಬರುವ ಹೊತ್ತಿಗೆ ಮನೆಯಲ್ಲಿ ಇದ್ದವನೇ ಅಲ್ಲ ಎಂದು ಅಜ್ಜಿ ಸಾಯುವವರೆಗೆ ಗೊಣಗಿದಳು. ತಾನು ಹೊತ್ತ ಕಲ್ಲಿನ ತಂಬಿಲವನ್ನು ಆ ಮನುಷ್ಯ ಒಂದು ಸಲವೂ ಕಣ್ಣಾರೆ ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಬಂದು, ಎಲೆಯಲ್ಲಿ ಮುಚ್ಚಿಟ್ಟ ಪಾಲು ತಿನ್ನುತ್ತಿದ್ದ. ಕಲ್ಲು ಹೊತ್ತು ಕುತ್ತಿಗೆ ನೊಂದದ್ದಕ್ಕೆ ಗುಳಿಗನ ಮೇಲೆ ಅವನಿಗೆ ಮುನಿಸು ಎಂದು ಊರವರು ತಮಾಷೆ ಮಾಡುತ್ತಿದ್ದರು.

ಈ ಕತೆಯನ್ನು ಹಾಲಿನ ಜೊತೆ ಕುಡಿದು ಬೆಳೆದ ವಾಸಪ್ಪ ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಕೀಮ್ಯಾನ್ ಆದ. ಮೊದಲ ದಿನವೇ ಗ್ಯಾಂಗಿನ ಮುಖಂಡನಾದ ಮೇಟಿ ಅವನನ್ನು ತಿರುವಿನ ಆಚೆ ಕರೆದುಕೊಂಡು ಹೋಗಿ ಒಂದು ಹಳದಿ ಹಲಗೆ ತೋರಿಸಿದ. ಮುಂದೆ ಗೇಟು ಉಂಟು, ಡ್ರೈವರ್ ಈ ಹಲಗೆ ಕಂಡರೆ ಕೂಗಲೇಬೇಕು, ಇದಕ್ಕೆ ಪೊದೆ ಮುಚ್ಚದ ಹಾಗೆ ನೋಡಿಕೋ ಎಂದ. ವಾಸಪ್ಪ ಹಲಗೆಯನ್ನೇ ನೋಡುತ್ತಾ ನಿಂತ. ಹುಟ್ಟಿದಂದಿನಿಂದ ಕಿವಿಯಲ್ಲಿದ್ದ ಹೂವನ್ನು ಯಾರೋ ಕಿತ್ತಂತಾಯಿತು. ಹಾಗಾದರೆ ಗುಳಿಗನಿಗಲ್ಲವೇ? ಗೇಟಿಗೇ?

ಮನೆಯಲ್ಲಿ ಅವನು ತುಟಿ ಬಿಚ್ಚಲಿಲ್ಲ. ಆದರೆ ಪ್ರತಿ ವರ್ಷ ತಂಬಿಲದ ಮುಂಚಿನ ವಾರ ಆ ಹಲಗೆಗೆ ತಾನೇ ಬಣ್ಣ ಬಳಿದ. ಸ್ವಂತ ಮನೆಗೆ ಸುಣ್ಣ ಹೊಡೆಯಲು ಸೋಮಾರಿಯಾದವನು ಹಲಗೆಗೆ ಎರಡೆರಡು ಸಲ ಬಳಿಯುತ್ತಿದ್ದ. ಅದು ಇಲಾಖೆಯ ಕೆಲಸವೋ ಗುಳಿಗನ ಸೇವೆಯೋ?

ಹೋದ ವರ್ಷ ಹಳಿಯ ಅಡಿಯಿಂದ ರಸ್ತೆ ಆಯಿತು. ಗೇಟು ಹೋಯಿತು, ಗೇಟಿನ ಹಿಂದೆಯೇ ಹಲಗೆಯೂ ಹೋಯಿತು. ತಂಬಿಲದ ಸಂಜೆ ಮನೆಮಂದಿ ಕಲ್ಲಿನ ಮುಂದೆ ಕಾದು ನಿಂತಿದ್ದರು. ಲೋಕಲ್ ಗಾಡಿ ಬಂತು, ಬೆಕ್ಕು ಅಡುಗೆಮನೆ ದಾಟಿದ ಹಾಗೆ ದಾಟಿ ಹೋಯಿತು. ಕೂಗಲಿಲ್ಲ. ಕತ್ತಲಾದರೂ ಎಲೆ ಹಾಕಲಿಲ್ಲ. ಮರುದಿನ ಹೊದಲನ್ನು ಕಾಗೆಗಳು ತಿಂದವು.

ಪೆಟ್ಟು ಬಿದ್ದದ್ದು ವಾಸಪ್ಪನ ಅಕ್ಕ ಜಲಜಾಕ್ಷಿಗೆ. ಅವನಿಗಿಂತ ಹತ್ತು ವರ್ಷ ದೊಡ್ಡವಳು, ಗಂಡ ಹೋದ ಮೇಲೆ ತಮ್ಮನ ಮನೆಯಲ್ಲೇ ಇದ್ದವಳು, ತಂಬಿಲದ ಯಜಮಾನಿಕೆ ಅವಳದ್ದೇ. ತನ್ನ ಕೈಯಲ್ಲಿ ಏನೋ ತಪ್ಪಾಗಿದೆ, ಅದಕ್ಕೇ ಗಾಡಿ ಬಾಯಿ ಮುಚ್ಚಿತು ಎಂದು ಅವಳ ಲೆಕ್ಕ. ತಂಬಿಲದ ಹೊತ್ತಿಗೆ ಗಾಡಿ ಮತ್ತೆ ಕೂಗುವವರೆಗೆ ರಾತ್ರಿ ಉಣ್ಣುವುದಿಲ್ಲ ಎಂದು ಹರಕೆ ಹೇಳಿಕೊಂಡಳು. ಎಂಬತ್ತು ದಾಟಿದ ಜೀವ, ತಿಂಗಳು ತಿಂಗಳಿಗೆ ಸೊರಗಿ ಕಡ್ಡಿಯಾಯಿತು. ಡಾಕ್ಟರು ಬೈದರು, ತುಂಗಾ ಅತ್ತಳು. ಅವಳು ಜಗ್ಗಲಿಲ್ಲ. ಇನ್ನೊಂದು ವರ್ಷ ಹೀಗೆ ಹೋದರೆ ಅಕ್ಕ ಉಳಿಯುವುದಿಲ್ಲ ಎಂಬುದು ವಾಸಪ್ಪನಿಗೆ ಹಗಲಿನಷ್ಟು ಸ್ಪಷ್ಟವಿತ್ತು. ಸ್ಪಷ್ಟವಿದ್ದದ್ದು ಅದೊಂದೇ.

ಅವನು ಸ್ಟೇಷನ್ನಿಗೆ ಹೋಗಿ ಹಲಗೆ ವಾಪಸು ಹಾಕಿಸಲಾಗುತ್ತದೆಯೇ ಎಂದು ಕೇಳಿದ. ಅಲ್ಲಿದ್ದ ಹುಡುಗಪ್ರಾಯದ ಅಧಿಕಾರಿ ಮಲಯಾಳದಲ್ಲಿ ಮರ್ಯಾದೆಯಿಂದಲೇ ಹೇಳಿದ, ಗೇಟು ಇಲ್ಲದಲ್ಲಿ ಹಲಗೆ ಇಲ್ಲ, ಸುಮ್ಮನೆ ಹಾರ್ನ್ ಹಾಕಿದರೆ ಜನ ದೂರು ಕೊಡುತ್ತಾರೆ ಎಂದು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೇರೆ ದಾರಿ ಕಾಣದೆ ವಾಸಪ್ಪ ನಲವತ್ತು ವರ್ಷ ನುಂಗಿಕೊಂಡಿದ್ದ ಗುಟ್ಟನ್ನು ಅಕ್ಕನ ಮುಂದೆ ಉಗುಳಿದ.

"ಅಕ್ಕ, ಅದು ಗುಳಿಗನಿಗೆ ಕೂಗುವುದಲ್ಲ. ಅಲ್ಲಿ ಒಂದು ಹಲಗೆ ಇತ್ತು. ಹಲಗೆ ನೋಡಿ ಡ್ರೈವರ್ ಕೂಗುವುದು. ನಿನ್ನದು ಎಂತ ತಪ್ಪೂ ಇಲ್ಲ."

ಜಲಜಾಕ್ಷಿ ವೀಳ್ಯದೆಲೆಯ ನಾರು ತೆಗೆಯುತ್ತಿದ್ದಳು. ತಲೆಯೆತ್ತಲೂ ಇಲ್ಲ. "ಹಲಗೆ ಹಾಕಿಸಿದ್ದು ಯಾರು?"

"ರೈಲ್ವೆಯವರು."

"ರೈಲ್ವೆಯವರಿಗೆ ಹೇಳಿದ್ದು ದೊರೆ ಅಲ್ಲವಾ? ಕೊಟ್ಟ ಮಾತು ಡ್ರೈವರಿಗೆ ಮರೆಯಬಾರದು ಅಂತ ಹಲಗೆ ಹಾಕಿಸಿದ್ದು. ಎಂತ ಮಾರಾಯ, ಇಷ್ಟು ವರ್ಷ ಅಲ್ಲಿ ದುಡಿದು ನಿನಗೆ ಇಷ್ಟೂ ಗೊತ್ತಾಗ್ಲಿಲ್ಲವಾ?"

ಹೌದಲ್ಲ, ಹಾಗೂ ಇರಬಹುದಲ್ಲ! ಗುಟ್ಟು ಹೇಳಿ ಹಗುರಾಗುತ್ತೇನೆ ಎಂದುಕೊಂಡಿದ್ದ ವಾಸಪ್ಪ ಇದ್ದ ಒಂದು ಗಂಟನ್ನು ಎರಡು ಮಾಡಿಕೊಂಡು ಎದ್ದ.

ಮೂರನೆಯ ಗಂಟು ಹಾಕಿದವನು ಜಯಪಾಲ, ಗೇಟು ಮುಚ್ಚುವವರೆಗೆ ಗೇಟ್‌ಮ್ಯಾನ್ ಆಗಿದ್ದವನು. ಗೇಟಿನ ಹಳೆಯ ಗೂಡಂಗಡಿಯಂಥ ಕೋಣೆಯನ್ನು ಕೆಡವುವಾಗ ಬಾಗಿಲ ಮೇಲಿನ ಗಾರೆಯಡಿ ಇಸವಿ ಕೆತ್ತಿದ ಕಲ್ಲು ಕಾಣಿಸಿತೆಂದು ವಾಸಪ್ಪನನ್ನು ಕರೆದ. ಸಾವಿರದ ಒಂಬೈನೂರ ಮೂವತ್ತೊಂದು. ವಾಸಪ್ಪ ಬೆರಳು ಮಡಿಚಿ ಎಣಿಸಿದ. ಗಾಡಿ ಬಂದದ್ದು ಸಾವಿರದ ಒಂಬೈನೂರ ಏಳರಲ್ಲಿ. ಗೇಟು, ಗೇಟಿನ ಹಲಗೆ ಬಂದದ್ದು ಇಪ್ಪತ್ತನಾಲ್ಕು ವರ್ಷ ಕಳೆದು. ಆ ಇಪ್ಪತ್ತನಾಲ್ಕು ವರ್ಷ ಗೇಟೂ ಇಲ್ಲ, ಹಲಗೆಯೂ ಇಲ್ಲ, ಆದರೂ ಗಾಡಿ ಕೂಗಿದೆ. ತಂಬಿಲ ಒಂದು ವರ್ಷವೂ ತಪ್ಪಿಲ್ಲ. ಹಾಗಾದರೆ ಕೂಗಿದ್ದು ಯಾರಿಗೆ? ದೊರೆ ನಿಜವಾಗಿ ಮಾತು ಕೊಟ್ಟಿದ್ದನೇ? ದೊರೆ ಊರು ಬಿಟ್ಟ ಮೇಲೆ ಬಂದ ಡ್ರೈವರುಗಳಿಗೆ ಅದನ್ನು ಹೇಳಿದ್ದು ಯಾರು? ವಾಸಪ್ಪನಿಗೆ ನಿದ್ದೆ ಹೋಯಿತು. ತುಂಗಾ ಕಷಾಯ ಮಾಡಿದ್ದು ಆಗಲೇ.

ಹೀಗಿರುವಾಗ ಈ ವರ್ಷದ ಮಂಗಳವಾರ ಬಂತು. ಎಲ್ಲ ಅಣಿ ಮಾಡಿ ಜಲಜಾಕ್ಷಿ ಕಲ್ಲಿನ ಮುಂದೆ ಮಣೆ ಹಾಕಿ ಕೂತಳು. ಆ ಕುತ್ತಿಗೆಯ ಎಲುಬು ನೋಡಲಾಗದೆ ವಾಸಪ್ಪ, ಎಲ್ಲಿಗೆಂದು ಯಾರಿಗೂ ಹೇಳದೆ, ಹಿತ್ತಿಲಿನಿಂದ ಹೊರಬಿದ್ದ. ಅವನ ತಲೆಯಲ್ಲಿದ್ದದ್ದು ಕೆಲಸದಲ್ಲಿ ಕಲಿತ ಒಂದು ಸಣ್ಣ ಸಂಗತಿ: ಹಳಿಯ ಪಕ್ಕ ಮನುಷ್ಯ ಕಂಡರೆ ಡ್ರೈವರ್ ಹಾರ್ನ್ ಹಾಕುತ್ತಾನೆ. ಕೀಮ್ಯಾನ್ ಆಗಿದ್ದಾಗ ದಿನಾ ಹಾಕಿಸಿಕೊಂಡದ್ದೇ. ಇದು ಅಕ್ಕನಿಗೆ ಮಾಡುವ ಮೋಸ, ಗುಳಿಗನಿಗೂ ಮೋಸ ಎಂದು ಒಂದು ಮನಸ್ಸು ಹೇಳಿತು. ಅಕ್ಕ ಸತ್ತರೆ ನಿನ್ನ ಸತ್ಯವನ್ನು ಉಪ್ಪಿನಕಾಯಿ ಹಾಕುತ್ತೀಯಾ ಎಂದು ಇನ್ನೊಂದು ಬೈಯಿತು. ಕಾಲು ಮಾತ್ರ ಯಾರ ಮಾತನ್ನೂ ಕೇಳದೆ ನಡೆಯುತ್ತಿತ್ತು.

ತಿರುವಿನ ಈಚೆ, ಕಡಿದ ಗುಡ್ಡದ ಬದಿಯಲ್ಲಿ, ಹಳಿಯಿಂದ ಎರಡು ಮಾರು ದೂರಕ್ಕೆ ಮುರಕಲ್ಲಿನಲ್ಲಿ ಕೊರೆದ ಒಂದು ಮೆಟ್ಟು ಉಂಟು. ಗ್ಯಾಂಗಿನವರು ಅದಕ್ಕೆ ಚನಿಯನ ಮೆಟ್ಟು ಎನ್ನುತ್ತಿದ್ದರು. ಗಾಡಿ ಬಂದಾಗ ಸರಿದು ನಿಲ್ಲಲು ಅಜ್ಜ ಮಾಡಿಕೊಂಡದ್ದು ಎಂದು ವಾಸಪ್ಪ ತಿಳಿದಿದ್ದ. ಎರಡನೆಯ ರೈಲು ದಾರಿ ಬಂದಾಗಲೂ, ಅದು ಆಚೆ ಬದಿಗೆ ಬಿದ್ದ ಕಾರಣ, ಮೆಟ್ಟು ಉಳಿಯಿತು. ತಾನೂ ಸಾವಿರ ಸಲ ಅಲ್ಲಿ ಸರಿದು ನಿಂತಿದ್ದ. ಆದರೆ ಗಾಡಿ ಬರುವುದಕ್ಕೆ ಮೊದಲೇ ಹೋಗಿ ಕಾದು ನಿಂತದ್ದು ಇದೇ ಮೊದಲು. ಸಮಯ ಬೇಕಾದಷ್ಟು ಇತ್ತು. ಕೆಳಗೆ ನೋಡಿದ. ಮೆಟ್ಟಿನಲ್ಲಿ ಎರಡು ಪಾದದ ಅಚ್ಚು, ಸವೆದು ಬಟ್ಟಲಿನಷ್ಟು ಆಳವಾಗಿತ್ತು. ಅವಸರದಲ್ಲಿ ಸರಿದು ನಿಲ್ಲುವವನ ಕಾಲು ಕಲ್ಲನ್ನು ಇಷ್ಟು ಸವೆಸುತ್ತದೆಯೇ? ಮುಂದೆ ನೋಡಿದ. ತಿರುವು ಮುಗಿಸಿ ಬರುವ ಡ್ರೈವರಿಗೆ ಮೊದಲು ಕಾಣುವ ಜಾಗವೇ ಇದು. ಇಲ್ಲಿಂದ ಗುಳಿಗನ ಕಲ್ಲು ಮಾತ್ರ ಕಾಣುವುದಿಲ್ಲ.

ಗಾಡಿ ಬರುವ ಹೊತ್ತಿಗೆ ಮನೆಯಲ್ಲಿ ಇದ್ದವನೇ ಅಲ್ಲ.

ಅಜ್ಜಿಯ ಆ ಗೊಣಗಾಟ ವಾಸಪ್ಪನಿಗೆ ಈಗ ಅರ್ಥವಾಯಿತು. ದೊರೆ ಎಂಥದ್ದೂ ಮಾತು ಕೊಟ್ಟಿರಲಿಲ್ಲ. ಕೊಟ್ಟವನು ಅಜ್ಜ. ಕಲ್ಲು ಸರಿಯಲಿ, ಊರಿಗೆ ನೋವಾಗದಿರಲಿ ಎಂದು ಡೇರೆಯಿಂದ ಹೊರಗೆ ಬಂದು ಒಂದು ಸುಳ್ಳು ಹೇಳಿದ, ಆ ಸುಳ್ಳು ಸುಳ್ಳಾಗದ ಹಾಗೆ ಬದುಕಿಡೀ ಇಲ್ಲಿ ನಿಂತ. ಗೇಟು ಬಂದ ಮೇಲೂ ಬಿಡಲಿಲ್ಲ, ಹಲಗೆಯನ್ನು ನಂಬಲಿಲ್ಲ. "ಅಯ್ಯೋ ಅಜ್ಜ," ಎಂದ ವಾಸಪ್ಪ. ಅವನ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಹಳಿ ಗುನುಗಿತು. ಲೋಕಲ್ ಗಾಡಿ ತಿರುವು ಮುಗಿಸಿ ಬಂದು, ಗುಡ್ಡದ ಬದಿಯಲ್ಲಿ ನಿಂತ ಮುದುಕನನ್ನು ಕಂಡು, ಉದ್ದಕ್ಕೆ ಒಮ್ಮೆ ಕೂಗಿತು. ಸಾಲದೆಂದು ಇನ್ನೊಮ್ಮೆ ಕೂಗಿತು. ವಾಸಪ್ಪ ಹಳೆಯ ಅಭ್ಯಾಸದಿಂದ ಕೈಯೆತ್ತಿದ.

ಅವನು ಮನೆ ಮುಟ್ಟುವಾಗ ತಂಬಿಲ ಮುಗಿದಿತ್ತು. ಎಲ್ಲಿಗೆ ಹಾಳಾಗಿ ಹೋಗಿದ್ದಿರಿ, ಗಾಡಿ ಕೂಗಿತು, ನಿಮಗೆ ನೋಡಲಿಕ್ಕೆ ಪುಣ್ಯ ಇಲ್ಲ ಎಂದು ತುಂಗಾ ರೇಗಿದಳು. ಜಲಜಾಕ್ಷಿ ರೇಗಲಿಲ್ಲ. ಮುಚ್ಚಿಟ್ಟಿದ್ದ ಎಲೆಯೊಂದನ್ನು ತಂದು ತಮ್ಮನ ಮುಂದಿಟ್ಟಳು. ಕೆಂಪು ಮಣ್ಣು ಮೆತ್ತಿದ ಅವನ ಪಾದಗಳನ್ನು ನೋಡಿದಳು.

"ಅಜ್ಜನ ಕಾಲೂ ಹೀಗೇ ಇರ್ತಿತ್ತು," ಎಂದಳು.

ವಾಸಪ್ಪ ಗಕ್ಕನೆ ತಲೆಯೆತ್ತಿದ. ಅವಳಿಗೆ ಗೊತ್ತಿತ್ತೇ? ಯಾವಾಗಿನಿಂದ? ಗೊತ್ತಿದ್ದರೆ ಒಂದು ವರ್ಷ ಉಪವಾಸ ಕೂತದ್ದು ಯಾರನ್ನು ಎಬ್ಬಿಸಲಿಕ್ಕೆ? ಅಕ್ಕನ ಮುಖದಲ್ಲಿ ಅವನಿಗೆ ಏನೂ ಓದಲಾಗಲಿಲ್ಲ. ಅವಳು ಪಕ್ಕದಲ್ಲೇ ಗೋಡೆಗೆ ಒರಗಿ ಕೂತು, ತನಗೂ ಅನ್ನ ಬಡಿಸಲು ತುಂಗಾಳಿಗೆ ಹೇಳಿದಳು. ಒಂದು ತುತ್ತು ನುಂಗಿ, ನೀರು ಕುಡಿದು, ಕೇಳಿದಳು:

"ಬರುವ ವರ್ಷವೂ ಕೂಗ್ತದಲ್ಲ?"

"ಕೂಗ್ತದೆ," ಎಂದ ವಾಸಪ್ಪ.