ತುದಿ ಮುರಿದ ಬೆಂಡೆಕಾಯಿ

ಆ ಬೆಳಿಗ್ಗೆಯೂ ಎಂದಿನ ಹಾಗೇ, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಚಿತ್ರಾನ್ನದ ಡಬ್ಬಿ ತುಂಬಿ, ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವ ನಮ್ಮವರನ್ನು ಸ್ಟೇಷನ್ನಿಗೆ ಬಿಟ್ಟೆ. "ಸಂಬಳ ಕೊಡದ ಆಫೀಸಿಗೆ ಲೇಟಾಗುತ್ತೆ, ಹೊರಡು" ಎಂದು ಇಳಿಯುತ್ತಾ ರೇಗಿಸಿದರು. ಡಿಪೆಂಡೆಂಟ್ ವೀಸಾದವಳು ನಾನು, ಕೆಲಸ ಮಾಡುವಂತಿರಲಿಲ್ಲ. ನಮ್ಮ ಕಾಂಪ್ಲೆಕ್ಸಿನ ಮನೆಮನೆಯಲ್ಲೂ ಕಂಪ್ಯೂಟರಿನವರೇ ತುಂಬಿದ್ದ ಆ ವರ್ಷಗಳಲ್ಲಿ ನನ್ನ ಪಾಲಿಗಿದ್ದ ಆಫೀಸೆಂದರೆ ಮಾನ್ಮತ್ ಜಂಕ್ಷನ್ ಎಂಬ ಊರಿನಾಚೆ, ಹೊಲಗಳ ನಡುವೆ ಇದ್ದ ಒಂದು ಹಳೇ ಕೆಂಪು ಕೊಟ್ಟಿಗೆ. ಒಂದು ಸೇವಾಸಂಸ್ಥೆ ಅದನ್ನು ನಡೆಸುತ್ತಿತ್ತು. ಎಲ್ಲರೂ ಹಬ್ ಅನ್ನುತ್ತಿದ್ದರು.

ಸುತ್ತಲಿನ ಸಣ್ಣ ರೈತರು ಬೆಳೆದದ್ದನ್ನು ಅಲ್ಲಿಗೆ ತರುವರು. ನಮ್ಮಂಥ ವಾಲಂಟಿಯರುಗಳು ಆರಿಸಿ, ಒಂದೇ ಅಳತೆಯ ಬಾಕ್ಸುಗಳಿಗೆ ತುಂಬಿ, ತಣ್ಣನೆಯ ಕೋಣೆಯಲ್ಲಿ ಇಡುವೆವು. ಸಗಟು ಕೊಳ್ಳುವವರಿಗೆ ಹೊಲದಿಂದ ಹೊಲಕ್ಕೆ ಅಲೆಯುವ ಪುರುಸೊತ್ತು ಎಲ್ಲಿ? ವ್ಯಾನ್ ಒಂದೇ ಕಡೆ ತುಂಬಬೇಕು.

ಅಂದು ಈಸ್ಟ್ ಬ್ರನ್ಸ್‌ವಿಕ್‌ನ ಇಂಡಿಯನ್ ಅಂಗಡಿಗಳಿಗೆ ತರಕಾರಿ ಕೊಳ್ಳುವಾತ ಮೊದಲ ಸಲ ಬರುವವನಿದ್ದ. ಪಕ್ಕದ ಹೊಲದ ಅಮೆರಿಕನ್ ಅಜ್ಜಿ ಅವನನ್ನೇ ನಂಬಿ, ಮುಸುಕಿನ ಜೋಳ ಬಿಟ್ಟು ಅರ್ಧ ಹೊಲಕ್ಕೆ ಬೆಂಡೆ ಹಾಕಿದ್ದರು. ಅವನು ಬೇಡವೆಂದರೆ ಅಷ್ಟನ್ನೂ ಗೊಬ್ಬರಕ್ಕೇ ಹಾಕಬೇಕು. ಅಂದು ಅಜ್ಜಿಯದು ಗಂಬೂಟಿನ ಮೇಲೆ ಇಸ್ತ್ರಿ ಮಾಡಿದ ಶರ್ಟು, ತುಟಿಗೆ ತುಸು ಬಣ್ಣ. ಬಾಕ್ಸಿನ ಮೇಲ್ಗಡೆ ಗೇಣುದ್ದದ ಕಾಯಿಗಳನ್ನು ಹೆಮ್ಮೆಯಿಂದ ಜೋಡಿಸಿದ್ದರು. ಅಷ್ಟು ಬಲಿತದ್ದು ನಡೆಯದು ಎಂದು ನಾನು ಹೇಳುವಷ್ಟರಲ್ಲಿ ಕೊಳ್ಳುವವನ ವ್ಯಾನ್ ಬಂತು.

ಅವನು ಒಂದನ್ನೆತ್ತಿ ತುದಿ ಮುರಿಯಲು ನೋಡಿದ. ಬಾಗಿತು, ಮುರಿಯಲಿಲ್ಲ. ಇನ್ನೊಂದೂ ಹಾಗೇ. ನನ್ನತ್ತ ತಿರುಗಿ ಹಿಂದಿಯಲ್ಲಿ, "ಎಲ್ಲಾ ಬಲಿತುಹೋಗಿವೆ ಬೆಹೆನ್" ಎಂದ.

ಅಜ್ಜಿ ನನ್ನ ತೋಳು ಹಿಡಿದರು. "ಹನಿ, ದುಡ್ಡು ಕೊಡೋ ಮುಂಚೆಯೇ ಈತ ನನ್ನ ತರಕಾರಿ ಯಾಕೆ ಮುರೀತಿದ್ದಾನೆ?"

ಕಾನ್ವೆಂಟಿನ ಸಿಸ್ಟರ್ ಕಲಿಸಿದ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದೆ: ನಮ್ಮ ಅಮ್ಮಂದಿರೆಲ್ಲ ಹೀಗೇ. ತುದಿ ಟಪ್ಪೆಂದರೆ ಎಳೆಯದು, ಬಾಗಿದರೆ ನಾರು. ಮಾರುವವರು ಗೊಣಗುತ್ತಲೇ ಇರುತ್ತಾರೆ, ಇವರು ಮುರಿಯುತ್ತಲೇ ಇರುತ್ತಾರೆ.

"ಅಯ್ಯೋ! ಬೆರಳುದ್ದದವನ್ನು ಇನ್ನೂ ಮಕ್ಕಳು ಅಂತ ಗಿಡದಲ್ಲೇ ಬಿಟ್ಟು ಬಂದೆನಲ್ಲ!"

ಕೊಳ್ಳುವವನು ನಕ್ಕ. "ಆ ಮಕ್ಕಳನ್ನೇ ತನ್ನಿ. ಮಧ್ಯಾಹ್ನದೊಳಗೆ ವ್ಯಾನ್ ತುಂಬಿದರೆ ಒಯ್ಯುತ್ತೇನೆ. ಅಂಗಡಿಯಲ್ಲಿ ಖರ್ಚಾದರೆ ವಾರವಾರವೂ ಬರುತ್ತೇನೆ."

ಅಜ್ಜಿಯೊಬ್ಬರ ಹೊಲದಿಂದ ವ್ಯಾನ್ ತುಂಬುವ ಮಾತೇ ಇಲ್ಲ. ಹಬ್‌ನವರು ಬೆಂಡೆ ಹಾಕಿದ್ದ ಉಳಿದ ರೈತರಿಗೂ ಫೋನ್ ಮಾಡಿದರು. ನಾನೂ ದುಪಟ್ಟಾವನ್ನು ತಲೆಗೆ ಕಟ್ಟಿ ಅಜ್ಜಿಯ ಹೊಲದ ಸಾಲಿಗಿಳಿದೆ. ಬೆಂಡೆಯ ಮೈಮೇಲಿನ ಸುಂಕು ಮಣಿಕಟ್ಟಿಗೆಲ್ಲ ಹತ್ತಿ ತುರಿಕೆ. ಪಕ್ಕದ ಸಾಲಿನಲ್ಲಿ ಅಜ್ಜಿ ಒಂದೊಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದು, ಟಪ್ಪೆಂದಾಗಲೆಲ್ಲ ನನಗೆ ಕೇಳಿಸಿತೇ ಎಂದು ನೋಡುತ್ತಿದ್ದರು. "ಎಲ್ಲವನ್ನೂ ಮುರಿದರೆ ಮಾರೋದೇನು?" ಎಂದೆ. ಇಬ್ಬರೂ ನಕ್ಕೆವು.

ವ್ಯಾನ್ ತುಂಬಿತು. ಅದು ಹೊರಟ ಮೇಲೂ ಅಜ್ಜಿ ರಸ್ತೆಯನ್ನೇ ನೋಡುತ್ತ ನಿಂತಿದ್ದರು. ಈಗ ಆ ಹೊಲಗಳಲ್ಲಿ ಕಿಟಕಿಯಿಲ್ಲದ ಗೋಡೌನುಗಳು ಎದ್ದಿವೆ. ನನ್ನ ಕಣ್ಣಿಗೆ ಮಾತ್ರ ಆ ತುಟಿಬಣ್ಣ, ಆ ಗಂಬೂಟು ಇನ್ನೂ ಅಲ್ಲೇ ಇವೆ.

ಅಂದು ಸಂಜೆ ಮನೆಯಲ್ಲಿ ಇನ್ನೂ ಮಣಿಕಟ್ಟು ಕೆರೆದುಕೊಳ್ಳುತ್ತಿದ್ದೆ. ಎದುರು ಅಪಾರ್ಟ್‌ಮೆಂಟಿನ ಹುಬ್ಬಳ್ಳಿಯ ಆಂಟಿ ಕರಿಬೇವು ಕೇಳಲು ಬಂದವರು ಬಾಗಿಲಲ್ಲೇ ನಿಂತರು.

"ಇಂಡಿಯನ್ ಅಂಗಡ್ಯಾಗ ಇವತ್ತ ಎಂಥಾ ಎಳೇ ಬೆಂಡಿಕಾಯಿ ಬಂದಿದ್ವು ಅಂತೀನಿ! ಎಲ್ಲಾರೂ ಟಪ್ ಟಪ್ ಮುರದ ಮುರದ ನೋಡಾಕತ್ತಿದ್ರು. ನಾ ಹೋಗೂದ್ರಾಗ ಬಾಕ್ಸಿನ ತಳಾನ ಕಂಡಿತ್ತು ನೋಡವಾ."