ಭಾವ ತೆಗೆಸಿದ ಮರದ ತುಂಡು

ನನ್ನ ಭಾವನಿಗೆ ಕಣ್ಣಿನ ವಿಷಯ ಗೊತ್ತು, ಕಿವಿಯ ವಿಷಯ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕೂತು, ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತ, "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ?" ಎಂದು ಕೇಳುವುದೇ ಅವರ ಕಸುಬು. ಅಂಗಡಿಯಲ್ಲಿ ಕೇಳಲಿ, ಯಾರು ಬೇಡ ಅಂದರು? ಮನೆಗೆ ಬಂದರೂ ಅದೇ ರಾಗ. ಬಾಗಿಲ ಚಿಲಕ, ದಿಂಬಿನ ಹತ್ತಿ, ನಲ್ಲಿಯ ವಾಷರ್, ಯಾವುದೂ ಇದ್ದ ಹಾಗೆ ಇರುವಂತಿಲ್ಲ. ಕಳಚಬೇಕು, ಬೇರೆಯದು ಹಾಕಬೇಕು, ಹಾಕಿ ಅಕ್ಕನ ಮುಖ ನೋಡಬೇಕು. ಕಳಚಿದ್ದನ್ನು ಬಿಸಾಡುವ ಜಾಯಮಾನವೂ ಅಲ್ಲ. ಖಾಲಿ ಲೆನ್ಸ್ ಡಬ್ಬಿಯೊಳಗೆ ಹಾಕಿ, ಮೇಲೆ ಚೀಟಿ ಅಂಟಿಸಿ, ಕಪಾಟಿನಲ್ಲಿ ಜೋಡಿಸಿಡುತ್ತಾರೆ. "ಮಲಗುವ ಕೋಣೆ ಚಿಲಕ, ಎಡಗಡೆ ಸ್ಕ್ರೂ" ಎಂದು ಬರೆದ ಡಬ್ಬಿಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಇಂಥವರ ಜೊತೆ ಹದಿನಾಲ್ಕು ವರ್ಷ ಸಂಸಾರ ಮಾಡಿದ ಅಕ್ಕನಿಗೆ ಕೈಮುಗಿಯಬೇಕು.

ಅಕ್ಕ ಮದುವೆಗೆ ಮುಂಚಿನಿಂದಲೂ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಳು. ಅವಳ ಗಿಟಾರ್ ಬಿಚ್ಚಿ ಕಟ್ಟಿ ಕಲಿತೇ ನಾನು ಗಿಟಾರ್ ರಿಪೇರಿಯವನಾದದ್ದು. ಮಗಳು ಹುಟ್ಟಿದ ಮೇಲೆ ಅವಳು ತಂಡ ಬಿಟ್ಟಳು, ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು, ಗಿಟಾರ್ ಬೀರುವಿನ ಮೇಲೆ ಹತ್ತಿತು. ಆಗೊಮ್ಮೆ ಈಗೊಮ್ಮೆ ಇಳಿಸಿ ನುಡಿಸಿದರೆ ಅದೇ ಹೆಚ್ಚು. ಈ ವರ್ಷ ತಂಡದ ಯಜಮಾನರು ತಾವಾಗಿ ಫೋನ್ ಮಾಡಿದರು. ಗಿಟಾರಿನವನು ಬಿಟ್ಟುಹೋಗಿದ್ದಾನೆ, ಮುಂದಿನ ತಿಂಗಳ ಮೊದಲ ಭಾನುವಾರ ಸಂಜೆ ಬಂದು ಮೂರು ಹಾಡು ನುಡಿಸಿ ತೋರಿಸು, ಇನ್ನೊಬ್ಬ ಹುಡುಗನನ್ನೂ ಕರೆದಿದ್ದೇನೆ, ಯಾರು ಸರಿಹೋಗುತ್ತೀರೋ ಜಾಗ ಅವರದು ಅಂದರಂತೆ. ಅಕ್ಕ ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತೇ ಅತ್ತಳಂತೆ. ಇಷ್ಟು ವರ್ಷದಲ್ಲಿ ಅವಳು ತನಗಾಗಿ ಏನನ್ನಾದರೂ ಬಯಸಿದ್ದನ್ನು ನಾನು ಕಂಡದ್ದು ಇದೊಂದೇ ಸಲ.

ಅವಳು ಅತ್ತದ್ದು ಭಾವನ ಕಣ್ಣಿಗೆ ಬಿತ್ತು, ಅಷ್ಟೇ ಸಾಕಾಯಿತು. ಗಿರಾಕಿಗಳನ್ನು ಕಾಯಿಸಿ ಎರಡು ವಾರ ಫೋನಿನಲ್ಲಿ ಗಿಟಾರ್ ವಿಡಿಯೋ ನೋಡಿ, ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದೇಬಿಟ್ಟರು. ಬಗಲಲ್ಲಿ ಅಕ್ಕನ ಗಿಟಾರ್, ಕೈಯಲ್ಲಿ ಹೊಸ ಸಾಮಾನಿನ ಚೀಲ, ಬಾಯಲ್ಲಿ ಟೋನ್ ಎಂಬ ಒಂದೇ ಮಾತು. ಮೂರು ಪಿಕಪ್ಪೂ ಬದಲಾಗಬೇಕಂತೆ. ಪಿಕಪ್ ಅಂದರೆ ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಹಿಡಿದು ಸ್ಪೀಕರಿಗೆ ದಾಟಿಸುವ ಮ್ಯಾಗ್ನೆಟ್ಟಿನ ಸುರುಳಿ. ಅದರ ಗುಣವನ್ನು ಕೇಳಿ ತಿಳಿಯಬೇಕು. ಈ ಪುಣ್ಯಾತ್ಮರು ಅದನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ತಾಮ್ರದ ಸುತ್ತು ಎಷ್ಟು ನೀಟಾಗಿದೆ ಅಂದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!

ಪಿಕಪ್ ಆಯಿತು, ಆಮೇಲೆ ಟ್ರೆಮೊಲೊ. ತಂತಿಗಳನ್ನು ಹಿಡಿದಿರುವ ಲೋಹದ ಬ್ರಿಜ್ಜಿಗೆ ಒಂದು ಕಡ್ಡಿ ಇರುತ್ತದೆ, ಅದನ್ನು ಅಲುಗಿಸಿದರೆ ಸ್ವರ ತೂಗಾಡುತ್ತದೆ. ಭಾವ ಬ್ರಿಜ್ಜಿನ ಅಡಿಗೆ ಕೂರುವ ಹಿತ್ತಾಳೆಯ ಹೊಸ ಬ್ಲಾಕು, ಅದನ್ನು ಹಿಡಿದೆಳೆಯುವ ಹೊಸ ಸ್ಪ್ರಿಂಗು ಎಲ್ಲ ತಂದಿದ್ದರು. ಹಿಂಬದಿಯ ಮುಚ್ಚಳ ಬಿಚ್ಚಿದೆ. ಒಳಗೆ, ಬ್ಲಾಕಿಗೂ ಗಿಟಾರಿನ ಒಳಗೋಡೆಗೂ ನಡುವೆ, ಮರದ ಸ್ಕೇಲಿನ ಒಂದು ತುಂಡು ಬಿಗಿಯಾಗಿ ಕೂತಿತ್ತು. ಅದರ ಮೇಲೆ ಏಳು, ಎಂಟರ ಗೆರೆ ಇನ್ನೂ ಅಳಿಸಿರಲಿಲ್ಲ. ಅಕ್ಕನಿಗೆ ಕಲಿಸಿದ ಮೇಷ್ಟ್ರು ತಮ್ಮ ಕೈಯಾರೆ ಕೊಯ್ದು ಕೂರಿಸಿದ್ದು ಅದು. ತಂತಿಗಳು ಬ್ರಿಜ್ಜನ್ನು ಒಂದು ಕಡೆ ಎಳೆಯುತ್ತವೆ, ಸ್ಪ್ರಿಂಗುಗಳು ಇನ್ನೊಂದು ಕಡೆ. ಹಗ್ಗ ಜಗ್ಗಾಟದಲ್ಲಿ ಒಬ್ಬ ಕೈಬಿಟ್ಟರೆ ಉಳಿದವರೆಲ್ಲ ಮುಗ್ಗರಿಸುವ ಹಾಗೆ, ಒಂದು ತಂತಿ ಹರಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಆ ತುಂಡು ಇದ್ದರೆ ಬ್ರಿಜ್ ಹಿಂದಕ್ಕೆ ಜಾರುವುದಿಲ್ಲ. ಅಕ್ಕನ ಕೈ ಜೋರು, ಆಗಾಗ ಮೂರನೇ ತಂತಿ ಹರಿಯುತ್ತಿತ್ತು. ಅದಕ್ಕೇ ಮೇಷ್ಟ್ರು ಆ ಉಪಾಯ ಮಾಡಿದ್ದು.

"ಇದೇನಿದು ಕಸ? ತೆಗೆದುಬಿಡು. ಟ್ರೆಮೊಲೊ ತೇಲ್ತಾ ಇರಬೇಕು ಅಂತ ವಿಡಿಯೋದಲ್ಲಿ ಹೇಳಿದಾನೆ" ಅಂದರು ಭಾವ.

ಕಸವಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿ ಬಿಟ್ಟಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು, ಬಿಡಲಿಲ್ಲ. ಹೇಗೂ ಹತ್ತು ದಿನ ಅಭ್ಯಾಸವಿದೆ, ಮನೆಯಲ್ಲೇ ಒಂದು ತಂತಿ ಹರಿಯಲಿ, ಗಿಟಾರ್ ಇಡೀ ಅಪಸ್ವರ ಅರಚಲಿ, ಅಕ್ಕ ಒಮ್ಮೆಯಾದರೂ ಇವರ ಮುಖಕ್ಕೆ ಹೊಡೆದ ಹಾಗೆ ಮಾತಾಡಲಿ, ಮಾಡಿದ್ದುಣ್ಣೋ ಮಹಾರಾಯ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ತುಂಡನ್ನು ಇಕ್ಕಳದಲ್ಲಿ ಎಳೆದು ಮೇಜಿನ ಮೇಲೆ ಎಸೆದೆ. ಅವರು ಅದನ್ನೂ ಎತ್ತಿ ಜೇಬಿಗೆ ಹಾಕಿಕೊಂಡರು.

ಎರಡು ದಿನ ಬಿಟ್ಟು ಅಕ್ಕ ಫೋನ್ ಮಾಡಿದಳು. ತಂತಿ ಒತ್ತಿ ಎಳೆದರೆ ಬ್ರಿಜ್ ಸ್ವಲ್ಪ ಅಲುಗಿದ ಹಾಗಿದೆ, ಒಳಗೆ ಎಲ್ಲ ಸರಿಯಿದೆಯಾ ಎಂದು ಕೇಳಿದಳು. ಹೊಸ ಸಾಮಾನು, ಅಭ್ಯಾಸವಾಗುತ್ತದೆ ಬಿಡು ಅಂದೆ. ಅಂದು, ತಂತಿ ಯಾವಾಗ ಹರಿದೀತು ಎಂದು ಕಾಯುತ್ತ ಕೂತೆ. ಹತ್ತು ದಿನವೂ ಹರಿಯಲಿಲ್ಲ. ಭಾನುವಾರದ ಹೊತ್ತಿಗೆ ನಾನು ಆ ವಿಷಯವನ್ನೇ ಮರೆತಿದ್ದೆ.

ಸಭಾಂಗಣಕ್ಕೆ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಗಲಿಗೆ ಚೀಲ ಏರಿಸಿ ಬಂದರು. ಚೀಲದ ತುಂಬ ಆ ಡಬ್ಬಿಗಳು. ಕಳಚಿದ ಸಾಮಾನೆಲ್ಲ ತಂದಿದ್ದಾರಂತೆ, ಬೇಕಾದೀತು ಅಂತ. ಗುಜರಿ ಅಂಗಡಿ ಇಡೋಕೆ ಬಂದಿರಾ ಭಾವ ಎಂದು ಕೇಳಿದೆ. ಅವರೂ ನಕ್ಕರು. ನಾನು ಹಂಗಿಸುವುದು ಆ ಮನುಷ್ಯನಿಗೆ ಯಾವತ್ತೂ ತಿಳಿಯುವುದೇ ಇಲ್ಲ.

ಅಕ್ಕ ಮೊದಲ ಹಾಡು ನುಡಿಸಿದಳು. ಹೇಳಲು ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ: ಹೊಸ ಪಿಕಪ್ಪಿನ ನಾದ ಚೆನ್ನಾಗಿಯೇ ಇತ್ತು. ದಪ್ಪ ತಂತಿಗಳು ದುಂಡಗೆ, ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಕೇಳಿಸುತ್ತಿದ್ದವು. ಯಜಮಾನರು ತಲೆದೂಗಿದರು. ಎರಡನೇ ಹಾಡಿನ ನಡುವೆ ಅಕ್ಕ ಕಣ್ಣುಮುಚ್ಚಿ ಮೂರನೇ ತಂತಿಯನ್ನು ಒತ್ತಿ ಮೇಲಕ್ಕೆ ಎಳೆದಳು. ತಂತಿ ಹರಿಯಿತು. ಮರುಕ್ಷಣವೇ ಉಳಿದ ಐದರ ಶ್ರುತಿಯೂ ಏರಿಹೋಯಿತು. ಅವಳು ಇನ್ನೊಂದು ಜಾಗ ಒತ್ತಿದಳು, ಮತ್ತೊಂದು ಒತ್ತಿದಳು, ಎಲ್ಲಿ ಮುಟ್ಟಿದರೂ ಅಪಸ್ವರ. ಹೊಸ ತಂತಿ ಹಾಕಿ ಮತ್ತೆ ನುಡಿಸುತ್ತೇನೆ ಅಂದಳು. ಯಜಮಾನರು ಕೆಟ್ಟವರೇನಲ್ಲ, ಜನರ ಮುಂದೆ ಹೀಗಾದರೆ ಏನು ಮಾಡುವುದಮ್ಮಾ ಎಂದು ಮೆತ್ತಗೇ ಕೇಳಿದರು. ಹುಡುಗ ವೇದಿಕೆ ಹತ್ತಿದ. ಅವನ ಮೂರನೇ ಹಾಡು ಮುಗಿಯುತ್ತಲೇ ಜಾಗ ಅವನದಾಯಿತು.

ಹಿಂದಿನ ಕೋಣೆಯಲ್ಲಿ, ಮಡಚಿಟ್ಟ ಕುರ್ಚಿಗಳ ನಡುವೆ, ಅಕ್ಕ ಗಿಟಾರ್ ಮಗುಚಿ ಮುಚ್ಚಳ ಬಿಚ್ಚಿ ಒಳಗೆ ನೋಡಿದಳು. ಮೇಷ್ಟ್ರ ತುಂಡು ಎಲ್ಲಿ ಎಂದಳು. ಭಾವ ಚೀಲ ತಡಕಿ ಒಂದು ಡಬ್ಬಿ ತೆಗೆದರು. ಮೇಲಿನ ಚೀಟಿಯಲ್ಲಿ ಅವರ ದುಂಡು ಅಕ್ಷರ: "ಗಿಟಾರ್ ಒಳಗಿನ ಮರ. ಉಪಯೋಗ ತಿಳಿಯಲಿಲ್ಲ."

"ತಪ್ಪು ನಂದೇ. ನಾನೇ ತೆಗೆಸಿದ್ದು. ಇವನು ಬೇಡ ಅಂತ ಹೇಳೇ ಹೇಳಿರ್ತಾನೆ, ನಾನೇ ಕಿವಿಗೆ ಹಾಕ್ಕೊಂಡಿಲ್ಲ" ಅಂದರು ಭಾವ.

ಅಕ್ಕ ನನ್ನ ಕಡೆ ತಿರುಗಿ, "ಹೇಳಿದ್ಯಾ?" ಎಂದು ಕೇಳಿದಳು.

ನಾನು ತಲೆ ತಗ್ಗಿಸಿದೆ.

"ಅವರಿಗೆ ಗೊತ್ತಿರಲಿಲ್ಲ ಕಣೋ. ನಿನಗೆ ಗೊತ್ತಿತ್ತು."

ಅಷ್ಟೇ ಅಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಗಿಟಾರಿಗೆ ಕೈ ಚಾಚಿದೆ. ಅವಳು ಅದನ್ನು ನನಗೆ ಕೊಡಲಿಲ್ಲ, ಭಾವನ ತೊಡೆಯ ಮೇಲಿಟ್ಟು ನೀವೇ ಹಾಕಿ ಅಂದಳು. ಭಾವ ಕನ್ನಡಕ ರಿಪೇರಿಯ ಪುಟ್ಟ ಸ್ಕ್ರೂಡ್ರೈವರ್ ಹಿಡಿದು, ಸ್ಪ್ರಿಂಗುಗಳನ್ನು ಒಂದೊಂದಾಗಿ ಸರಿಸಿ, ತುಂಡನ್ನು ಒಮ್ಮೆ ಆ ಮಗ್ಗುಲು ಒಮ್ಮೆ ಈ ಮಗ್ಗುಲು ತಿರುಗಿಸಿ ನೋಡಿದರು.

"ಹೀಗಾ? ಹಾಗಾ?" ಎಂದು ಕೇಳಿದರು.

ಉತ್ತರ ನನಗೆ ಗೊತ್ತಿತ್ತು. ಅವರು ಕೇಳಿದ್ದು ಅಕ್ಕನನ್ನು.